ಮೂಲ ಧ್ವನಿ ಮನೆಯಲ್ಲಿರಲಿ, ಹಂಚುವುದು ಪ್ರತಿಯಾಗಿರಲಿ

ಮಾನ್ಯ ಸಂಪಾದಕರಿಗೆ,

ವಂದನೆಗಳು.

ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯ ಯಕ್ಷಗಾನಾಸಕ್ತರ ಫೋನುಗಳಲ್ಲಿ ಇನ್ನೊಂದು ತಿರುಗಾಟ ಶುರುವಾಗುತ್ತದೆ. ಆರು ತಿಂಗಳಲ್ಲಿ ಯಾರ್ಯಾರೋ ಮುದ್ರಿಸಿಕೊಂಡ ಆಟಗಳು (ಯಕ್ಷಗಾನ ಪ್ರದರ್ಶನಗಳು), ವೇಷವಿಲ್ಲದೆ ಕೂತು ಅರ್ಥ ಹೇಳುವ ಮಳೆಗಾಲದ ತಾಳಮದ್ದಳೆ ಕೂಟಗಳು, ಅಟ್ಟದಿಂದ ಇಳಿಸಿದ ಹಳೆಯ ಕ್ಯಾಸೆಟ್ಟುಗಳ ಪದ್ಯಗಳು ಒಂದು ವಾಟ್ಸ್‌ಆ್ಯಪ್ ಬಳಗದಿಂದ ಇನ್ನೊಂದಕ್ಕೆ, ಅಲ್ಲಿಂದ ಯೂಟ್ಯೂಬಿಗೆ, ಅಲ್ಲಿಂದ ಮತ್ತೆ ಯಾರದೋ ಕಾರಿನ ಪೆನ್‌ಡ್ರೈವಿಗೆ ಸಾಗುತ್ತಲೇ ಇರುತ್ತವೆ. ಹೀಗೆ ಹಂಚಿಕೊಳ್ಳುವವರಲ್ಲಿ ನಾನೂ ಒಬ್ಬ. ಉಡುಪಿಯ ಸುತ್ತಮುತ್ತ ಮೂವತ್ತು ವರ್ಷಗಳಿಂದ ಆಟ, ಕೂಟಗಳಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತವನು. ಹಂಚುವ ಉತ್ಸಾಹದಲ್ಲಿ ನಾವು ಧ್ವನಿಯನ್ನು ಯಾವ ಫಾರ್ಮ್ಯಾಟಿನಲ್ಲಿ ಉಳಿಸುತ್ತೇವೆ, ಯಾವುದರಲ್ಲಿ ಕಳುಹಿಸುತ್ತೇವೆ ಎಂಬುದನ್ನು ಗಮನಿಸುತ್ತಿಲ್ಲ. ಇದರಿಂದ ಆಗುತ್ತಿರುವ ನಷ್ಟ ಮರಳಿ ತುಂಬಿಬರುವಂಥದಲ್ಲ ಎಂಬ ಕಾರಣಕ್ಕೆ, ತುಸು ದೀರ್ಘವಾದರೂ, ಈ ಪತ್ರವನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ನನ್ನ ತಂದೆಯವರು 1980ರ ದಶಕದಲ್ಲಿ ಮುದ್ರಿಸಿಕೊಂಡ 43 ಕ್ಯಾಸೆಟ್ಟುಗಳಿದ್ದವು. ಪ್ರತಿಯೊಂದರ ಹೊದಿಕೆಯ ಒಳಗೆ ನೀಲಿ ಶಾಯಿಯಲ್ಲಿ ಪ್ರಸಂಗ (ಆಡಿದ ಕಥೆ), ಭಾಗವತರು (ಹಾಡಿದವರು), ಮದ್ದಳೆ, ಚೆಂಡೆ, ಊರು, ತಾರೀಕು ಎಂದು ಸಾಲಾಗಿ ಬರೆದಿಟ್ಟಿದ್ದರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಅವೆಲ್ಲವನ್ನೂ ಕಂಪ್ಯೂಟರಿಗೆ ಇಳಿಸಿಕೊಡಿ ಎಂದು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆ. ಅವರು ಎರಡು ಸಿ.ಡಿ.ಗಳಲ್ಲಿ 43 ಎಂಪಿ3 ಫೈಲುಗಳನ್ನು ತುಂಬಿಸಿ ಕೊಟ್ಟು, ಎಲ್ಲವೂ ಇದರಲ್ಲಿದೆ, ಇನ್ನು ಕ್ಯಾಸೆಟ್ಟಿನ ಅಗತ್ಯವಿಲ್ಲ ಎಂದರು. ನಾನು ನಂಬಿದೆ. ಮನೆ ಬದಲಿಸುವಾಗ ಕ್ಯಾಸೆಟ್ಟುಗಳ ಪೆಟ್ಟಿಗೆ ಗುಜರಿಗೆ ಹೋಯಿತು. ಆ ಫೈಲುಗಳನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಲು ಕೂತದ್ದು ಎಷ್ಟೋ ಕಾಲದ ಮೇಲೆ. ಭಾಗವತರ ಕಂಠ ಗುರುತು ಸಿಗುತ್ತದೆ, ಸಾಹಿತ್ಯ ತಿಳಿಯುತ್ತದೆ. ಆದರೆ ಪೆಟ್ಟಿನ ನಂತರ ಗಾಳಿಯಲ್ಲಿ ನಿಂತು ನಿಧಾನ ಇಳಿಯಬೇಕಾದ ಚಕ್ರತಾಳ ಎಂಬ ಲೋಹದ ತಾಳದ ನಾದ ನೀರಿನೊಳಗೆ ಅದ್ದಿ ಬಾರಿಸಿದಂತೆ ಗುಳುಗುಳು ಎನ್ನುತ್ತದೆ. ಚೆಂಡೆಯ ಉರುಳಿಕೆಯಲ್ಲಿ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕಾದಲ್ಲಿ ಮರಳು ಸುರಿದಂಥ ಸದ್ದು ಬರುತ್ತದೆ. ಫೈಲಿನ ವಿವರ ತೆರೆದು ನೋಡಿದರೆ 64 ಕೆಬಿಪಿಎಸ್, ಮೋನೋ ಎಂದಿತ್ತು, ಅಂದರೆ ಸೆಕೆಂಡಿಗೆ 64 ಕಿಲೋಬಿಟ್, ಒಂದೇ ವಾಹಿನಿ.

ಇದು ಆ ಸ್ಟುಡಿಯೋದವರ ಕೆಟ್ಟತನದಿಂದ ಆದದ್ದಲ್ಲ. 43 ಗಂಟೆಗಳ ಧ್ವನಿ ಎರಡು ಸಿ.ಡಿ.ಗಳಲ್ಲಿ ಹಿಡಿಸಬೇಕೆಂದರೆ ಅಷ್ಟು ಹಿಂಡಲೇಬೇಕಿತ್ತು. ತಪ್ಪಾದದ್ದು ಬೇರೆ ಕಡೆ: ಕಾರಿನಲ್ಲಿ ಕೇಳುವುದಕ್ಕೆ ಸಾಕಾಗುವ ಪ್ರತಿಯೊಂದನ್ನು ಅವರೂ ನಾನೂ ಮೂಲವೆಂದು ಭಾವಿಸಿದೆವು.

ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ತಾಂತ್ರಿಕ ಜ್ಞಾನ ಬೇಕಿಲ್ಲ. ಧ್ವನಿಯನ್ನು ಅಂಕಿಗಳಾಗಿ ಬರೆದಿಡುವಾಗ ಒಂದು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತೇವೆ, ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾಗಿ ಬರೆಯುತ್ತೇವೆ ಎಂಬ ಎರಡು ಸಂಗತಿಗಳು ಮುಖ್ಯ. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿ.ಡಿ. ಸೆಕೆಂಡಿಗೆ 44,100 ಸಲ, ಪ್ರತಿಸಲ 16 ಬಿಟ್‌ಗಳಲ್ಲಿ, ಎಡಬಲ ಎರಡು ವಾಹಿನಿಗಳಿಗೆ ಬೇರೆಬೇರೆಯಾಗಿ ಅಳೆದು ಬರೆಯುತ್ತದೆ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಹತ್ತು ಎಂಬಿಗಿಂತ ತುಸು ಹೆಚ್ಚು, ಗಂಟೆಗೆ 635 ಎಂಬಿ. ನನಗೆ ಸಿಕ್ಕಿದ್ದು ಸೆಕೆಂಡಿಗೆ 64 ಕಿಲೋಬಿಟ್. ಉಳಿದದ್ದನ್ನು ಎಂಪಿ3 ತಯಾರಿಸುವ ತಂತ್ರಾಂಶ ಬಿಸಾಡಿತ್ತು.

ಆದರೂ ಅದು ಕಣ್ಣುಮುಚ್ಚಿ ಬಿಸಾಡುವುದಿಲ್ಲ ಎಂಬುದನ್ನು ಹೇಳಬೇಕು. 1990ರ ದಶಕದ ಆರಂಭದಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಇತರ ಎಂಜಿನಿಯರುಗಳು ರೂಪಿಸಿದ ಎಂಪಿ3 ಮನುಷ್ಯನ ಕಿವಿಯ ಗುಣವನ್ನು ಆಧರಿಸಿದೆ. ಚೆಂಡೆಗೆ ಜೋರಾದ ಪೆಟ್ಟು ಬಿದ್ದ ಕ್ಷಣದಲ್ಲೇ ಮದ್ದಳೆಯ ಮೇಲೆ ಬೆರಳು ಮೆಲ್ಲನೆ ಸವರಿದರೆ ಆ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ದೊಡ್ಡದು ಸಣ್ಣದನ್ನು ಮುಚ್ಚಿಬಿಡುತ್ತದೆ. ಹೇಗೂ ಕೇಳದ್ದನ್ನು ಬರೆದಿಡುವುದೇಕೆ ಎಂಬುದು ಎಂಪಿ3ಯ ತರ್ಕ. ಅತಿ ಎತ್ತರದ ಕಂಪನಗಳನ್ನೂ ಅದು ಕತ್ತರಿಸುತ್ತದೆ. 128 ಕೆಬಿಪಿಎಸ್‌ನಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್‌ನ ಆಸುಪಾಸಿನಿಂದ ಮೇಲಿನದು ಹೋಗಿರುತ್ತದೆ. ಪಿಟೀಲು, ಕೊಳಲು, ಒಂಟಿ ಕಂಠಕ್ಕೆ ಈ ತರ್ಕ ಚೆನ್ನಾಗಿಯೇ ಹೊಂದುತ್ತದೆ. ನಮ್ಮ ಹಿಮ್ಮೇಳಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಎಂಪಿ3 ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡುಗಳ ತುಂಡುಗಳಾಗಿ ಮಾಡಿ ಒಂದೊಂದನ್ನೂ ಕುಗ್ಗಿಸುತ್ತದೆ. ತುಂಡಿನ ನಡುವೆ ಎಲ್ಲೋ ಒಂದು ಚೂಪಾದ ಪೆಟ್ಟು ಬಿದ್ದಿದ್ದರೆ, ಕುಗ್ಗಿಸುವಾಗ ಹುಟ್ಟಿದ ಕೊರತೆಯ ಗದ್ದಲ ಆ ತುಂಡಿನ ಉದ್ದಕ್ಕೂ ಹರಡುತ್ತದೆ, ಪೆಟ್ಟು ಬೀಳುವುದಕ್ಕೆ ಮೊದಲೇ ಅದರ ಮಸುಕಾದ ನೆರಳು ಕೇಳಿಸುತ್ತದೆ. ಇದನ್ನು ತಡೆಯಲು ತುಂಡನ್ನು ಇನ್ನಷ್ಟು ಸಣ್ಣದಾಗಿಸುವ ಉಪಾಯ ಎಂಪಿ3ಯಲ್ಲೇ ಇದೆ. ಆದರೆ ಬಿಟ್‌ರೇಟು, ಅಂದರೆ ಸೆಕೆಂಡಿಗೆ ಬಳಸುವ ಬಿಟ್‌ಗಳ ಸಂಖ್ಯೆ, ತೀರ ಕಡಿಮೆಯಿದ್ದಾಗ ಅದು ಸಾಲದು. ಚೆಂಡೆ, ಜಾಗಟೆ, ಚಕ್ರತಾಳ ಮೂರೂ ಚೂಪಾದ ಪೆಟ್ಟಿನ ವಾದ್ಯಗಳು, ಜೊತೆಗೆ ಲೋಹದ ಎರಡು ಎತ್ತರದ ಕಂಪನಗಳಲ್ಲೇ ಜೀವ ಇಟ್ಟುಕೊಂಡಿರುವಂಥವು. ನನ್ನ ತಂದೆಯವರ ಮುದ್ರಣಗಳಲ್ಲಿ ಮೊದಲು ಸತ್ತದ್ದು ಅವೇ.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಒಬ್ಬರು 128ರಲ್ಲಿ ಮಾಡಿದ ಎಂಪಿ3ಯನ್ನು ಇನ್ನೊಬ್ಬರು ತಂತ್ರಾಂಶದಲ್ಲಿ ತೆರೆದು, ಆರಂಭದ ಮಾತುಗಳನ್ನು ಕತ್ತರಿಸಿ ಮತ್ತೆ ಎಂಪಿ3 ಆಗಿ ಉಳಿಸುತ್ತಾರೆ. ಮತ್ತೊಬ್ಬರು ಅದಕ್ಕೆ ಒಂದು ಫೋಟೋ ಸೇರಿಸಿ ವಿಡಿಯೋ ಮಾಡುತ್ತಾರೆ. ಯೂಟ್ಯೂಬ್ ತಾನು ಪಡೆದದ್ದು ಏನೇ ಇರಲಿ, ಅದನ್ನು ಮತ್ತೆ ಎಎಸಿ ಮತ್ತು ಓಪಸ್ ಎಂಬ, ಎಂಪಿ3ಯಂತೆಯೇ ಬಿಸಾಡಿ ಕುಗ್ಗಿಸುವ ಫಾರ್ಮ್ಯಾಟುಗಳಿಗೆ ಇಳಿಸಿಯೇ ಬಿತ್ತರಿಸುತ್ತದೆ. ಅಲ್ಲಿಂದ ಯಾರೋ ಇಳಿಸಿಕೊಂಡು ಮತ್ತೊಮ್ಮೆ ಎಂಪಿ3 ಮಾಡುತ್ತಾರೆ. ಪ್ರತಿ ಹಂತದಲ್ಲೂ ಹಿಂದಿನವರು ಉಳಿಸಿದ್ದರಲ್ಲಿ ಇನ್ನಷ್ಟು ಹೋಗುತ್ತದೆ. ಜೆರಾಕ್ಸಿನ ಜೆರಾಕ್ಸು ತೆಗೆಯುತ್ತ ಹೋದರೆ ಅಕ್ಷರ ಮಸುಕಾಗುವುದನ್ನು ಕಂಡ ನಮಗೆ ಇದು ತಿಳಿಯದ ವಿಷಯವೇನಲ್ಲ. ಕಣ್ಣಿಗೆ ಕಾಣದ ಕಾರಣ ಗಮನಕ್ಕೆ ಬರುವುದಿಲ್ಲ, ಅಷ್ಟೆ. ಇದರ ಜೊತೆಗೆ, ಎಂಪಿ3ಯನ್ನು ಕುಗ್ಗಿಸದ ವೇವ್ ಫೈಲಾಗಿ ಬದಲಿಸಿದರೆ ಗುಣಮಟ್ಟ ಮರಳಿ ಬರುತ್ತದೆಂಬ ನಂಬಿಕೆಯನ್ನೂ ನಾನು ಬಳಗಗಳಲ್ಲಿ ಕಂಡಿದ್ದೇನೆ. 60 ಎಂಬಿಯ ಫೈಲು 600 ಎಂಬಿ ಆದೊಡನೆ ಸುಧಾರಿಸಿತು ಎಂದುಕೊಳ್ಳುತ್ತಾರೆ. ಕೊಬ್ಬರಿಗೆ ನೀರು ಹಾಕಿದರೆ ಅದು ಬೊಂಡ ಆಗುವುದಿಲ್ಲ.

ಹಾಗಾದರೆ ಮೂಲವನ್ನು ಯಾವುದರಲ್ಲಿ ಇಡಬೇಕು? ಮುದ್ರಿಸುವಾಗ ವೇವ್, ಇಟ್ಟುಕೊಳ್ಳುವಾಗ ಫ್ಲ್ಯಾಕ್ ಎಂಬುದು ಅನುಭವದಿಂದ ನಾನು ಕಂಡುಕೊಂಡ ಉತ್ತರ. ವೇವ್ ಎಂಬುದು 1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಸೇರಿ ರೂಪಿಸಿದ ಫಾರ್ಮ್ಯಾಟು. ಅದರಲ್ಲಿ ಸಾಮಾನ್ಯವಾಗಿ ಧ್ವನಿ ಏನೂ ಕುಗ್ಗದೆ ಇದ್ದ ಹಾಗೆಯೇ ಇರುತ್ತದೆ, ಬಹುತೇಕ ಎಲ್ಲ ರೆಕಾರ್ಡರುಗಳೂ ಬರೆಯುತ್ತವೆ, ಬಹುತೇಕ ಎಲ್ಲ ತಂತ್ರಾಂಶಗಳೂ ಓದುತ್ತವೆ. ಆದರೆ ಇಡೀ ರಾತ್ರಿಯ ಆಟಕ್ಕೆ ಅದರ ಒಂದು ಮಿತಿ ಅಡ್ಡ ಬರುತ್ತದೆ: ಒಂದು ವೇವ್ ಫೈಲು 4 ಜಿಬಿಗಿಂತ ದೊಡ್ಡದಾಗಲಾರದು, ಏಕೆಂದರೆ ತನ್ನ ಗಾತ್ರವನ್ನು ಬರೆದುಕೊಳ್ಳಲು ಅದರ ತಲೆಭಾಗದಲ್ಲಿರುವ ಜಾಗವೇ ಅಷ್ಟು. ಸೆಕೆಂಡಿಗೆ 48,000 ಅಳತೆ, 24 ಬಿಟ್, ಸ್ಟೀರಿಯೋ ಎಂದಿಟ್ಟುಕೊಂಡರೆ ನಾಲ್ಕು ಗಂಟೆ ಎಂಟು ನಿಮಿಷಕ್ಕೆ ಅದು ಭರ್ತಿ. ನನ್ನ ಹಳೆಯ ರೆಕಾರ್ಡರು 2 ಜಿಬಿಗೇ ಹೊಸ ಫೈಲು ಶುರು ಮಾಡುವಂಥದು. ಅಂದರೆ ಎರಡು ಗಂಟೆ ನಾಲ್ಕು ನಿಮಿಷಕ್ಕೊಮ್ಮೆ. ಒಮ್ಮೆ ಈ ತುಂಡುಗಳನ್ನು ಒಂದೊಂದಾಗಿ ಎಂಪಿ3 ಮಾಡಿ ಸ್ನೇಹಿತರಿಗೆ ಕಳುಹಿಸಿದೆ. ಒಂದು ತುಂಡು ಮುಗಿದದ್ದು ಸರಿಯಾಗಿ ಭಾಗವತರು ಪದ್ಯದ ನಡುವೆ ಮೇಲಿನ ಷಡ್ಜದಲ್ಲಿ ನಿಂತಿದ್ದಾಗ. ಎಂಪಿ3 ಪ್ರತಿ ಫೈಲಿನ ಮೊದಲಿಗೆ ಕೂದಲೆಳೆಯಷ್ಟು ಮೌನ ಸೇರಿಸುತ್ತದೆ, ಹಲವು ಪ್ಲೇಯರುಗಳು ಅದನ್ನು ತೆಗೆಯದೆಯೇ ನುಡಿಸುತ್ತವೆ. ಎಳೆದು ನಿಂತ ಸ್ವರ ಅಲ್ಲಿ ಕತ್ತರಿಸಿ ಮತ್ತೆ ಅಂಟಿಸಿದಂತೆ ಕೇಳಿತು. ಮೊದಲು ವೇವ್ ತುಂಡುಗಳನ್ನು ಜೋಡಿಸಿ, ಪ್ರಸಂಗದ ಸಹಜ ನಿಲುಗಡೆಗಳಲ್ಲಿ ಭಾಗ ಮಾಡಿ, ಆಮೇಲೆ ಎಂಪಿ3 ಮಾಡಬೇಕೆಂಬುದನ್ನು ನಾನು ಅಂದು ಕಲಿತೆ.

ಫ್ಲ್ಯಾಕ್ ಬೇರೆ ಜಾತಿಯದು. 2001ರಲ್ಲಿ ಜೋಶ್ ಕೋಲ್ಸನ್ ಎಂಬವರು ಬಿಡುಗಡೆ ಮಾಡಿದ ಇದು ಮುಕ್ತ ತಂತ್ರಜ್ಞಾನ. ಯಾರಿಗೂ ಶುಲ್ಕ ಕೊಡಬೇಕಿಲ್ಲ. 2024ರ ಡಿಸೆಂಬರಿನಲ್ಲಿ ಅಂತರಜಾಲದ ಮಾನಕಗಳನ್ನು ರೂಪಿಸುವ ಮಂಡಳಿ ಅದನ್ನು ಆರ್‌ಎಫ್‌ಸಿ 9639 ಎಂಬ ಸಂಖ್ಯೆಯ ದಾಖಲೆಯಾಗಿ ಪ್ರಕಟಿಸಿದೆ. ಕಾಗದಪತ್ರಗಳನ್ನು ಜಿಪ್ ಮಾಡಿ, ಬಿಚ್ಚಿದಾಗ ಒಂದಕ್ಷರವೂ ತಪ್ಪದೆ ಮರಳಿ ಪಡೆಯುವಂತೆ, ಫ್ಲ್ಯಾಕ್ ಬಿಚ್ಚಿದಾಗ ಮೂಲದ ಒಂದೊಂದು ಅಂಕಿಯೂ ಹಾಗೆಯೇ ಸಿಗುತ್ತದೆ. ಗಾತ್ರ ಮಾತ್ರ ಸಾಮಾನ್ಯವಾಗಿ ವೇವ್‌ನ ಅರ್ಧ ಅಥವಾ ಅದಕ್ಕಿಂತ ತುಸು ಹೆಚ್ಚು. ನನಗೆ ಅದರಲ್ಲಿ ಬಹಳ ಹಿಡಿಸಿದ ಗುಣಗಳು ಎರಡು. ಒಂದು, ಮೂಲ ಧ್ವನಿಯ ಅಂಕಿಗಳಿಂದ ಲೆಕ್ಕ ಹಾಕಿದ ಗುರುತೊಂದನ್ನು ಅದು ತನ್ನೊಳಗೆ ಬರೆದುಕೊಂಡಿರುತ್ತದೆ. ಹತ್ತು ವರ್ಷಗಳ ನಂತರ ಡಿಸ್ಕು ಹಾಳಾಗಿ ಫೈಲಿನೊಳಗೆ ಎಲ್ಲಾದರೂ ಬದಲಾಗಿದ್ದರೆ ಪರೀಕ್ಷಿಸಿದೊಡನೆ ಗೊತ್ತಾಗುತ್ತದೆ. ಎರಡು, ಪ್ರಸಂಗ, ಕಲಾವಿದರು, ಸ್ಥಳ, ದಿನಾಂಕ ಇವನ್ನೆಲ್ಲ ಫೈಲಿನ ಒಳಗೇ ಕನ್ನಡ ಅಕ್ಷರಗಳಲ್ಲಿ ಬರೆದಿಡಬಹುದು. ತಂದೆಯವರು ಹೊದಿಕೆಯೊಳಗೆ ನೀಲಿ ಶಾಯಿಯಲ್ಲಿ ಬರೆಯುತ್ತಿದ್ದ ಆ ಸಾಲುಗಳಿಗೆ ಇಲ್ಲಿ ಜಾಗವಿದೆ. ವೇವ್‌ನಲ್ಲಿ ಬರೆದ ಇಂಥ ವಿವರಗಳನ್ನು ಅನೇಕ ಪ್ಲೇಯರುಗಳು ಓದುವುದೇ ಇಲ್ಲ.

ಜಾಗ ಸಾಲದು ಎಂಬ ಮಾತು ಬರುತ್ತದೆ. ಒಂದು ಲೆಕ್ಕ ನೋಡೋಣ. ಸಿ.ಡಿ. ಮಟ್ಟದ ಫ್ಲ್ಯಾಕ್ ಗಂಟೆಗೆ ಸುಮಾರು 350 ಎಂಬಿ ಎಂದಿಟ್ಟುಕೊಂಡರೆ ಎಂಟು ಗಂಟೆಯ ಆಟ 2.8 ಜಿಬಿ. ಒಂದು ಮೇಳದ ತಿರುಗಾಟದ 180 ರಾತ್ರಿಗಳನ್ನು ಒಂದೂ ಬಿಡದೆ ಮುದ್ರಿಸಿದರೂ 504 ಜಿಬಿ ಆಗುತ್ತದೆ. ಅಂಗಿಯ ಜೇಬಿನಲ್ಲಿ ಹಿಡಿಸುವ ಒಂದು ಟಿಬಿಯ ಡಿಸ್ಕಿನಲ್ಲಿ ಹೆಚ್ಚುಕಡಿಮೆ ಅರ್ಧ ಇನ್ನೂ ಖಾಲಿ. ಕಾಲಮಿತಿಯ ಆಟಗಳಿಗೆ ಇನ್ನೂ ಕಡಿಮೆ ಸಾಕು. ಎಂಪಿ3 ಹುಟ್ಟಿದ ಕಾಲದಲ್ಲಿ ಜಾಗ ನಿಜವಾಗಿಯೂ ಚಿನ್ನದಷ್ಟು ದುಬಾರಿಯಾಗಿತ್ತು. ಆ ಕಾಲದ ಜಿಪುಣತನವನ್ನು ಇಂದಿನ ಮೂಲ ಮುದ್ರಣಗಳ ಮೇಲೆ ಹೇರಲು ಕಾರಣವೇ ಇಲ್ಲ.

ಹಂಚುವ ವಿಷಯಕ್ಕೆ ಬಂದರೆ ನಾನು ಎಂಪಿ3ಯ ವಿರೋಧಿಯಲ್ಲ. ಅದರ ಪೇಟೆಂಟುಗಳು 2017ರ ಹೊತ್ತಿಗೆ ತೀರಿಹೋಗಿವೆ, ಹದಿನೈದು ವರ್ಷ ಹಳೆಯ ಕಾರಿನ ಪ್ಲೇಯರೂ, ಅಂಗಡಿಯ ಮೂಲೆಯಲ್ಲಿ ಹಾಡುವ ಸಣ್ಣ ಸ್ಪೀಕರೂ ಅದನ್ನು ಓದುತ್ತವೆ. ಆಟದ ಮುದ್ರಣವನ್ನು 192 ಅಥವಾ 256 ಕೆಬಿಪಿಎಸ್‌ನಲ್ಲಿ, ಮೂಲದಿಂದ ನೇರವಾಗಿ ಒಂದೇ ಸಲ ಎಂಪಿ3 ಮಾಡಿ ಕಳುಹಿಸಿದರೆ ಸಾಧಾರಣ ಕೇಳುಗನಿಗೆ ಕೊರತೆ ಕಾಣದು. ಕಣ್ಣುಮುಚ್ಚಿ ಕೇಳಿಸಿದರೆ ಎಷ್ಟೋ ಸಲ ನನಗೂ ವ್ಯತ್ಯಾಸ ತಿಳಿಯುವುದಿಲ್ಲ. ಅರ್ಥಗಾರಿಕೆಯೇ ಪ್ರಧಾನವಾದ ತಾಳಮದ್ದಳೆಗೆ ಓಪಸ್ ಇನ್ನೂ ಒಳ್ಳೆಯದು. 2012ರಲ್ಲಿ ಮಾನಕವಾದ ಈ ಫಾರ್ಮ್ಯಾಟಿನಲ್ಲಿ 32 ಕೆಬಿಪಿಎಸ್‌ಗೇ ಮಾತು ಸ್ಪಷ್ಟವಾಗಿ ಕೇಳುತ್ತದೆ, ಒಂದು ಗಂಟೆಗೆ ಹದಿನೈದು ಎಂಬಿಯೂ ಬೇಡ. ಘಟ್ಟದ ಬುಡದ ಊರುಗಳಲ್ಲಿ ಮಳೆ ಹೊಡೆದಾಗ ನೆಟ್‌ವರ್ಕು ಎರಡು ಗೆರೆಗೆ ಇಳಿಯುವ ಮನೆಗಳಲ್ಲಿ ಮೂರು ಗಂಟೆಯ ಕೂಟವೊಂದನ್ನು 43 ಎಂಬಿಯಲ್ಲಿ ಇಳಿಸಿಕೊಳ್ಳಬಹುದಾದರೆ ಅದು ಸಣ್ಣ ಉಪಕಾರವಲ್ಲ. ವಾಟ್ಸ್‌ಆ್ಯಪಿನ ಧ್ವನಿಸಂದೇಶ ಓಡುವುದೂ ಓಪಸ್‌ನಲ್ಲೇ. ಹಳೆಯ ಉಪಕರಣಗಳು ಮಾತ್ರ ಅದನ್ನು ನುಡಿಸುವುದಿಲ್ಲ. ಐಫೋನಿನವರು ಕಳುಹಿಸುವ ಎಂ4ಎ ಬಗ್ಗೆ ಒಂದು ಎಚ್ಚರಿಕೆ ಬೇಕು: ಆ ಹೆಸರಿನ ಡಬ್ಬಿಯೊಳಗೆ ಕುಗ್ಗಿಸಿದ ಎಎಸಿಯೂ ಇರಬಹುದು, ಏನೂ ಕಳೆಯದ ಎಎಲ್‌ಎಸಿಯೂ ಇರಬಹುದು. ಅದರ ವಾಯ್ಸ್ ಮೆಮೋಸ್ ಆ್ಯಪಿನ ಸೆಟ್ಟಿಂಗಿನಲ್ಲಿ ಧ್ವನಿಯ ಗುಣಮಟ್ಟವನ್ನು ಲಾಸ್‌ಲೆಸ್ ಎಂದು ಬದಲಿಸಿಕೊಂಡರೆ ಎರಡನೆಯದು ಸಿಗುತ್ತದೆ.

ವಾಟ್ಸ್‌ಆ್ಯಪಿನಲ್ಲಿ ಕಳುಹಿಸುವಾಗ ಫೈಲನ್ನು ಡಾಕ್ಯುಮೆಂಟ್ ಆಗಿ ಲಗತ್ತಿಸಿದರೆ ಅದು ಇದ್ದ ಹಾಗೆಯೇ ತಲುಪುತ್ತದೆ. ಅತ್ಯಂತ ನೋವಾಗುವುದು, ಸ್ಪೀಕರಿನಲ್ಲಿ ಪದ್ಯ ಹಾಕಿ, ಅದರ ಎದುರು ಇನ್ನೊಂದು ಫೋನು ಹಿಡಿದು, ಧ್ವನಿಸಂದೇಶವಾಗಿ ಮುದ್ರಿಸಿ ಕಳುಹಿಸುವುದನ್ನು ಕಂಡಾಗ. ಧ್ವನಿಸಂದೇಶವನ್ನು ಮಾತಿಗೆಂದೇ ಹದಮಾಡಿದ್ದಾರೆ. ಹಿಮ್ಮೇಳ ಅದರಲ್ಲಿ ಬದುಕುಳಿಯುವುದಿಲ್ಲ.

ಹೇಗೂ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲವೆಂದ ಮೇಲೆ ಫ್ಲ್ಯಾಕಿನ ಹಟವೇಕೆ ಎಂದು ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಇಂದು ಸುಮ್ಮನೆ ಕೇಳುವುದಷ್ಟೇ ಆಗಿದ್ದರೆ ಹಟ ಬೇಕಿರಲಿಲ್ಲ. ಆದರೆ ಮುದ್ರಣವನ್ನು ನಾವು ಬರೇ ಕೇಳುವುದಿಲ್ಲ. ಜನರೇಟರಿನ ಗುಂಯ್‌ಗುಡುವಿಕೆಯನ್ನು ತೆಗೆಯುತ್ತೇವೆ, ಚೆಂಡೆ ಕಲಿಯುವ ಹುಡುಗನಿಗೆ ಬಿಡಿತ, ಮುಕ್ತಾಯದಂಥ ಬಡಿತದ ಕ್ರಮಗಳು ತಿಳಿಯಲೆಂದು ವೇಗವನ್ನು ಅರ್ಧಕ್ಕೆ ಇಳಿಸಿ ಕೇಳಿಸುತ್ತೇವೆ, ಕ್ಯಾಸೆಟ್ಟು ಓಡಿದ ವೇಗ ತಪ್ಪಿದ್ದರೆ ಶ್ರುತಿಯನ್ನು ಸರಿಪಡಿಸುತ್ತೇವೆ. ಸಹಜ ವೇಗದಲ್ಲಿ ಕಿವಿಗೆ ಮುಚ್ಚಿಹೋಗುತ್ತದೆಂದು ಎಂಪಿ3 ಬಿಸಾಡಿದ ಜಾಗಗಳೆಲ್ಲ ಆಗ ಬಯಲಿಗೆ ಬೀಳುತ್ತವೆ. ಒಬ್ಬ ಶಿಷ್ಯ ಹುಡುಕುತ್ತಿರುವುದು ಬಹುಮಟ್ಟಿಗೆ ಆ ಮೆಲ್ಲನೆಯ ಬೆರಳ ಸವರುವಿಕೆಯನ್ನೇ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರನ್ನು ರಂಗಸ್ಥಳದಲ್ಲಿ ನೋಡದ ತಲೆಮಾರು ಅವರ ಭಾಗವತಿಕೆಯನ್ನು ಮುದ್ರಣಗಳಿಂದಲೇ ಬಲ್ಲದು. 2023ರಲ್ಲಿ ಅಗಲಿದ ಬಲಿಪ ನಾರಾಯಣ ಭಾಗವತರ ಹಾಡಿಕೆಯನ್ನು ಮುಂದಿನವರು ಕಲಿಯಬೇಕಾದದ್ದೂ ಹಾಗೆಯೇ. ಅವರಿಗೆ ಗುರುವಾಗಿ ಉಳಿಯುವುದು ನಾವು ಇಟ್ಟ ಫೈಲು.

ಯಕ್ಷಗಾನದಾಚೆಗೂ ಈ ವಿಷಯ ಚಾಚಿಕೊಂಡಿದೆ. ನೇಜಿ (ಭತ್ತದ ಸಸಿ) ನೆಡುವಾಗ ಹೇಳುವ ಓಬೇಲೆ, ಪಾಡ್ದನಗಳೆಂಬ ತುಳು ಹಾಡುಗಳನ್ನು ಬಲ್ಲ ಹಿರಿಯ ಹೆಂಗಸರು ಊರಿಗೊಬ್ಬರು ಇಬ್ಬರು ಉಳಿದಿದ್ದಾರೆ. ಕೀಲಿಮಣೆಯ ಫೋನುಗಳ ಕಾಲದಲ್ಲಿ ನಮ್ಮ ನೆರೆಯ ಅಜ್ಜಿಯೊಬ್ಬರ ಪಾಡ್ದನವನ್ನು ಅವರ ಮೊಮ್ಮಗ ಮುದ್ರಿಸಿಕೊಂಡಿದ್ದ. ಆ ಫೈಲು ಎಎಂಆರ್ ಎಂಬ ಫಾರ್ಮ್ಯಾಟಿನದು, ದೂರವಾಣಿಯ ಮಾತಿಗೆಂದು ಮಾಡಿದ್ದು, ಸೆಕೆಂಡಿಗೆ 8,000 ಅಳತೆ ಮಾತ್ರ. ಅಳತೆಯ ಸಂಖ್ಯೆಯ ಅರ್ಧಕ್ಕಿಂತ ಎತ್ತರದ ಕಂಪನಗಳು ಅಂಕಿಗಳಲ್ಲಿ ಉಳಿಯಲಾರವು ಎಂಬುದು ನಿಯಮ. ಹಾಗಾಗಿ 4,000 ಹರ್ಟ್ಸ್‌ನಿಂದ ಮೇಲಿನದು ಅದರಲ್ಲಿ ಇಲ್ಲವೇ ಇಲ್ಲ. ಸಕಾರ ಶಕಾರಗಳ ಸೀಳುಧ್ವನಿ ಹೆಚ್ಚಾಗಿ ಇರುವುದು ಅಲ್ಲೇ. ಅಜ್ಜಿ ಈಗಿಲ್ಲ, ಕೆಲವು ಶಬ್ದಗಳು ಏನೆಂದು ಮನೆಯವರಿಗೂ ತಿಳಿಯುತ್ತಿಲ್ಲ.

ತುಳುವಿನ ಮಟ್ಟಿಗೆ ಧ್ವನಿಗೆ ಇನ್ನೊಂದು ಹೊಣೆಯಿದೆ. ನಾನು ಹೋಗುತ್ತೇನೆ ಎಂಬುದಕ್ಕೂ ಅವನು ಹೋಗುತ್ತಾನೆ ಎಂಬುದಕ್ಕೂ ಕನ್ನಡ ಲಿಪಿಯಲ್ಲಿ ಪೋಪೆ ಎಂದೇ ಬರೆಯುತ್ತೇವೆ. ಕೊನೆಯ ಎಕಾರವನ್ನು ಬಾಯಿ ತುಸು ಅಗಲಿಸಿ ಹೇಳುವುದರಲ್ಲಿ ವ್ಯತ್ಯಾಸವಿದೆ. ಬರಹ ಹಿಡಿಯದ ಇಂಥದಕ್ಕೆ ಮುದ್ರಣವೇ ದಾಖಲೆ. 2016ರಿಂದ ತುಳುವಿಗೆ ಸ್ವಂತ ವಿಕಿಪೀಡಿಯ ಇದೆ, ಅದಕ್ಕೆ ಬೇಕಾದ ಧ್ವನಿಫೈಲುಗಳನ್ನು ಇಡುವ ವಿಕಿಮೀಡಿಯ ಕಾಮನ್ಸ್ ಫ್ಲ್ಯಾಕ್, ವೇವ್, ಆಗ್ (Ogg), ಓಪಸ್, ಎಂಪಿ3 ಎಲ್ಲವನ್ನೂ ಸ್ವೀಕರಿಸುತ್ತದೆ. ಇಂಟರ್ನೆಟ್ ಆರ್ಕೈವ್‌ಗೆ ಫ್ಲ್ಯಾಕ್ ಏರಿಸಿದರೆ ಅದು ಮೂಲವನ್ನು ಹಾಗೆಯೇ ಇಟ್ಟುಕೊಂಡು ಎಂಪಿ3 ಪ್ರತಿಯನ್ನು ತಾನೇ ತಯಾರಿಸಿ ಪಕ್ಕದಲ್ಲಿಡುತ್ತದೆ. ಕೇಳುವವರು ಸಣ್ಣದನ್ನು ಕೇಳಲಿ, ಕಲಿಯುವವರು ದೊಡ್ಡದನ್ನು ಇಳಿಸಿಕೊಳ್ಳಲಿ. ಇದೇ ಸರಿಯಾದ ವ್ಯವಸ್ಥೆ ಎಂದು ನನಗನಿಸುತ್ತದೆ. ಕಲಾವಿದರ ಒಪ್ಪಿಗೆ ಪಡೆದೇ ಏರಿಸಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಟ್ಟಿದೆ.

ನಮ್ಮಲ್ಲಿ ಈ ಕೆಲಸಕ್ಕೆ ಪರಂಪರೆಯಿಲ್ಲದೆ ಇಲ್ಲ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದವರು ತುಳುನಾಡಿನ ಜನಪದವನ್ನು ಊರೂರು ತಿರುಗಿ ಧ್ವನಿಸುರುಳಿಗಳಲ್ಲಿ ದಾಖಲಿಸಿದ್ದು ಫೋನು ನಮ್ಮ ಕೈಗೆ ಬರುವುದಕ್ಕೆ ಬಹಳ ಮೊದಲೇ. ಮಂಗಳೂರು ಆಕಾಶವಾಣಿಯ ಯಕ್ಷಗಾನ ಪ್ರಸಾರಕ್ಕಾಗಿ ರೇಡಿಯೋ ಹತ್ತಿರ ಕೂತ ಸಂಜೆಗಳು ನನ್ನ ವಯಸ್ಸಿನವರಿಗೆಲ್ಲ ನೆನಪಿವೆ. ಆ ಸಂಸ್ಥೆಗಳು ತಮ್ಮ ಮುದ್ರಣಗಳಲ್ಲಿ ವಹಿಸಿದ ಎಚ್ಚರ ನಮ್ಮ ಹವ್ಯಾಸಿ ಮುದ್ರಣಗಳಿಗೂ ಬರಬೇಕು. ಧ್ವನಿ ದಾಖಲಾಗಾರಗಳ ಅಂತರರಾಷ್ಟ್ರೀಯ ಸಂಘ ಹಳೆಯ ಟೇಪುಗಳನ್ನು ಇಳಿಸುವಾಗ ಕನಿಷ್ಠ 48,000 ಹರ್ಟ್ಸ್, 24 ಬಿಟ್ ಇರಲಿ ಎಂದು ಸಲಹೆ ಕೊಡುತ್ತದೆ. ಮನೆಯ ಕ್ಯಾಸೆಟ್ಟಿಗೆ ಅಷ್ಟೇಕೆ ಎನ್ನುವವರಿದ್ದಾರೆ. ಕ್ಯಾಸೆಟ್ಟಿನಲ್ಲಿರುವುದೇ ಕಡಿಮೆ ಎಂಬುದು ನಿಜ. ಆದರೆ 24 ಬಿಟ್ ಇದ್ದರೆ ಮುದ್ರಿಸುವಾಗ ಮಟ್ಟವನ್ನು ಸಾಕಷ್ಟು ಕೆಳಗಿಟ್ಟುಕೊಳ್ಳಬಹುದು, ಒಮ್ಮೆಲೆ ಚೆಂಡೆ ಎದ್ದಾಗ ಧ್ವನಿ ಒಡೆಯುವುದಿಲ್ಲ, ಭಾಗವತರ ಮೆಲುದನಿಯ ಆಲಾಪವೂ ಗದ್ದಲದಲ್ಲಿ ಮುಳುಗುವುದಿಲ್ಲ.

ಆದ್ದರಿಂದ ಆಟ, ಕೂಟ ಏರ್ಪಡಿಸುವ ಸಂಘಸಂಸ್ಥೆಗಳಲ್ಲಿ ನನ್ನ ಬೇಡಿಕೆ ಇಷ್ಟು. ಧ್ವನಿವರ್ಧಕದವರಿಂದ ಅಥವಾ ಸ್ಟುಡಿಯೋದವರಿಂದ ಮುದ್ರಣ ಮಾಡಿಸುವಾಗ ಎಂಪಿ3 ಮಾತ್ರ ಪಡೆದು ಹಣ ಕೊಟ್ಟು ಕಳುಹಿಸಬೇಡಿ. ರೆಕಾರ್ಡರಿನಲ್ಲಿದ್ದ ವೇವ್ ಫೈಲನ್ನು, ಅದು ಸಾಧ್ಯವಾಗದಿದ್ದರೆ ಅದರಿಂದ ನೇರವಾಗಿ ಮಾಡಿದ ಫ್ಲ್ಯಾಕನ್ನು ಕೇಳಿ ಪಡೆಯಿರಿ. ಎರಡು ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ, ಏಕೆಂದರೆ ನಮ್ಮ ಮಳೆಗಾಲದ ತೇವ ಮತ್ತು ಸಿಡಿಲು ಒಂದೇ ಡಿಸ್ಕನ್ನು ನಂಬಿದವರನ್ನು ಬಿಟ್ಟಿಲ್ಲ. ಗದ್ದಲ ತೆಗೆಯುವುದು, ಧ್ವನಿ ಏರಿಸುವುದು, ಕತ್ತರಿಸುವುದು ಎಲ್ಲವನ್ನೂ ಪ್ರತಿಯ ಮೇಲೆ ಮಾಡಿ. ಫೈಲಿಗೆ ರೆಕಾರ್ಡಿಂಗ್ 001 ಎಂಬ ಹೆಸರನ್ನೇ ಬಿಟ್ಟು ಹಂಚಬೇಡಿ; ಚೆಂಡೆ ಯಾರದೆಂದು ಇಂದು ಎಲ್ಲರಿಗೂ ಗೊತ್ತಿದೆ, ಇಪ್ಪತ್ತು ವರ್ಷಗಳ ಮೇಲೆ ಹೇಳುವವರು ಇರುವುದಿಲ್ಲ.

ಗುಜರಿಗೆ ಹೋದ ತಂದೆಯವರ 43ರಲ್ಲಿ 11 ಕ್ಯಾಸೆಟ್ಟುಗಳ ಇನ್ನೊಂದು ಪ್ರತಿ, ಅವರೇ ಮಾಡಿಸಿ ಕೊಟ್ಟದ್ದು, ಕುಂದಾಪುರದ ನಮ್ಮ ಸೋದರತ್ತೆಯ ಮನೆಯಲ್ಲಿ ಕಳೆದ ವರ್ಷ ಸಿಕ್ಕಿತು. ಕ್ಯಾಸೆಟ್ ಡೆಕ್ಕಿನಲ್ಲಿ ಟೇಪನ್ನು ಓದುವ ಹೆಡ್ಡನ್ನು ಸ್ಪಿರಿಟಿನಿಂದ ಒರೆಸಿ, ಚಕ್ರತಾಳದ ಸದ್ದು ಅತ್ಯಂತ ತಿಳಿಯಾಗಿ ಕೇಳುವವರೆಗೆ ಹೆಡ್ಡಿನ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, 24 ಬಿಟ್‌ನಲ್ಲಿ ಇಳಿಸಿದೆ. ಒಂದು ಕ್ಯಾಸೆಟ್ಟಿಗೆ ಒಂದು ಸಂಜೆ ಬೇಕಾಯಿತು. ಟೇಪಿನ ಹಿಸ್ ಎಂಬ ಸದ್ದು ಉದ್ದಕ್ಕೂ ಇದೆ, ಅದನ್ನು ಮುಟ್ಟಿಲ್ಲ. ಅದರಾಚೆ ಚಕ್ರತಾಳದ ನಾದ ಎದ್ದು, ನಿಂತು, ಭಾಗವತರು ಮುಂದಿನ ಸಾಲು ಎತ್ತಿಕೊಳ್ಳುವವರೆಗೆ ನಿಧಾನವಾಗಿ ಇಳಿಯುತ್ತದೆ. ಉಳಿದ 32 ಕ್ಯಾಸೆಟ್ಟುಗಳ ಪ್ರತಿಗಳೂ ಯಾರದಾದರೂ ಅಟ್ಟದಲ್ಲಿ ಇರಬಹುದು. ಈ ಪತ್ರ ಓದುವವರ ಮನೆಯಲ್ಲಿ ಹಳೆಯ ಆಟ, ಕೂಟಗಳ ಕ್ಯಾಸೆಟ್ಟುಗಳಿದ್ದರೆ, ಅವುಗಳಿಂದ ಎಂಪಿ3 ಆಗಲೇ ಮಾಡಿಸಿದ್ದರೂ ಸಹ, ದಯವಿಟ್ಟು ಬಿಸಾಡಬೇಡಿ. ಮಳೆ ಹಿಡಿಯುವ ಮುಂಚೆ ಅಟ್ಟದಿಂದ ಇಳಿಸಿ ಒಣಗಿದ ಜಾಗದಲ್ಲಿ ನಿಲ್ಲಿಸಿಡಿ.

ಇತಿ,
ಓರ್ವ ಯಕ್ಷಗಾನಾಸಕ್ತ,
ಉಡುಪಿ